ಬಾಯಮ್ಮ ಇಗರ್ಜಿಯಲ್ಲಿ ಎದ್ದು ನಿಂತದ್ದು

ಬಾಯಮ್ಮನ ತುಟಿಯ ಎಡಬದಿಯಲ್ಲಿ ಯಾವಾಗಲೂ ಎರಡು ಮೂರು ಗುಂಡುಸೂಜಿಗಳಿರುತ್ತಿದ್ದವು. ಮಾತೆಲ್ಲ ಬಲಬದಿಯಿಂದ. ಎದುರಿಗೆ ನಿಂತವರ ಭುಜಕ್ಕೆ ಟೇಪು ಹಿಡಿದು, ಬಟ್ಟೆಯ ಮಡಿಕೆಗೆ ಸೂಜಿ ಚುಚ್ಚುತ್ತ, ಅರೆಬಾಯಲ್ಲೇ "ಕೈ ಎತ್ತಿ", "ಉಸಿರು ಬಿಡಿ", "ಹೊಟ್ಟೆ ಒಳಗೆ ಎಳ್ಕಳೂದು ಬೇಡ, ನಾಳೆ ಊಟ ಮಾಡೂಕಿಲ್ವಾ?" ಎನ್ನುತ್ತಿದ್ದರು. ಮೊದಲ ಸಲ ಕಂಡವರಿಗೆ ಈ ಹೆಂಗಸಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನಿಸುತ್ತಿತ್ತು. ನನಗೂ ಅನ್ನಿಸಿತ್ತು. ಹೊನ್ನಾವರದ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದ ಹೊಸತರಲ್ಲಿ, ಅವರ ಮನೆಯ ಅರ್ಧಭಾಗ ಬಾಡಿಗೆಗಿದೆ ಎಂದು ಕೇಳಿ ಹೋಗಿದ್ದೆ. ಅವರು ಹೊಲಿಗೆ ಮಿಶನ್ನಿನಿಂದ ತಲೆಯೆತ್ತದೆಯೇ, "ನೀರು ಉಂಟು. ಕರೆಂಟು ಹೋಗ್ತಾ ಬರ್ತಾ ಇರ್ತದೆ. ನಾವು ಮೀನು ಹುರಿದ್ರೆ ಮೂಗು ಮುಚ್ಕಳೂಕಿಲ್ಲ. ಆತಾ?" ಎಂದರು.

"ನಾನು ಕುಮಟೆ ಹೊಳನಗದ್ದೆಯವಳು. ಮೀನು ಹುರಿದು ನನಗೆ ಕೊಡದಿದ್ರೆ ಜಗಳ ಮಾಡ್ತೇನೆ" ಎಂದೆ.

ಬಾಯಮ್ಮ ಆಗ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು, ಮಣಿಕಟ್ಟಿಗೆ ಕಟ್ಟಿಕೊಂಡ ದಿಂಬಿಗೆ ಚುಚ್ಚಿ, ಇಡೀ ಬಾಯಿ ತೆರೆದು ನಕ್ಕರು. ಆರು ತಿಂಗಳಿಗೆಂದು ಹೋದವಳು ವರ್ಷಗಟ್ಟಲೆ ಉಳಿದುಬಿಟ್ಟೆ.

ನಮ್ಮ ಕಡೆ ಹಿರಿಯ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅವರ ನಿಜವಾದ ಹೆಸರು ಇಗರ್ಜಿಯವರಿಗೆ, ಅಂದರೆ ಚರ್ಚಿನವರಿಗೆ, ಮತ್ತು ಪೋಸ್ಟಿನವನಿಗೆ ಮಾತ್ರ ಗೊತ್ತಿತ್ತು. ಹೊನ್ನಾವರ ಪೇಟೆಯ ಅರ್ಧ ಮದುವಣಗಿತ್ತಿಯರ ಬ್ಲೌಸು ಹೊಲಿದ ಕೈ ಅದು. ಬಂದರಿನ ಮೀನುಗಾರ ಹೆಂಗಸರು, ಪೇಟೆಯ ಸಾಹುಕಾರರ ಸೊಸೆಯರು, ಭಟ್ಕಳದಿಂದ ಬರುವ ನವಾಯತ ಮುಸ್ಲಿಮರ ಹುಡುಗಿಯರು ಎಲ್ಲರೂ ಅದೇ ಬೆಂಚಿನ ಮೇಲೆ ಒತ್ತರಿಸಿಕೊಂಡು ಕೂತು ಕಾಯಬೇಕು. ಕೊಂಕಣಿ, ಕನ್ನಡ, ಉರ್ದು ಮೂರನ್ನೂ ಕಲಸಿ ಬಾಯಮ್ಮ ಎಲ್ಲರಿಗೂ ಸಮನಾಗಿ ಗದರುತ್ತಿದ್ದರು. ಒಂದೇ ದೂರು ಅವರ ಮೇಲೆ: ಹೇಳಿದ ದಿನಕ್ಕೆ ಕೊಟ್ಟವರಲ್ಲ. ಹೊಲಿಗೆ ತಡವಲ್ಲ, ಅದು ಮಳೆ ಸುರಿದಂತೆ ಆಗಿಹೋಗುತ್ತಿತ್ತು. ಕತ್ತರಿ ಹಾಕುವುದೇ ತಡ. ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹಲಗೆಯ ಮೇಲೆ ಹಾಸಿಟ್ಟರೆ ಮರುದಿನದವರೆಗೂ ಅದು ಹಾಗೇ. "ಗೆರೆ ಎಳೆದಾತಲ್ಲ, ಕತ್ತರಿಸೂಕೆ ಎಂತ ಮುಹೂರ್ತ ನೋಡ್ತ್ರಿ?" ಎಂದು ನಾನು ಚುಡಾಯಿಸಿದರೆ, "ನಿಮ್ದು ಸೀರೆ ಬ್ಲೌಸಲ್ವಾ ಅಕ್ಕೋರೆ, ನಿಮ್ಗೆ ಗಡಿಬಿಡಿ. ಕತ್ತರಿ ಹಿಡಿಯೂದು ನಾನು" ಎನ್ನುತ್ತಿದ್ದರು.

ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವರಿಗೆ ಇದ್ದವಳು ಒಬ್ಬಳೇ ತಂಗಿ. ತಂಗಿಯೂ ಅವಳ ಗಂಡನೂ ಭಟ್ಕಳದ ದಾರಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಗಂಡ ಗಲ್ಫಿನ ಕೆಲಸ ಸಾಕೆಂದು ಬಂದವರು. ಅವರ ಮಗಳು ನರ್ಸಿಂಗ್ ಓದುತ್ತಿದ್ದಳು. ಭಾನುವಾರ ಮೂವರೂ ಬಂದರೆ ಬಾಯಮ್ಮನ ಅಡುಗೆಮನೆಯಿಂದ ನನ್ನ ಕೋಣೆಯವರೆಗೂ ನಗು ಕೇಳುತ್ತಿತ್ತು. ತಂಗಿ ಅಕ್ಕನಂತಲ್ಲ, ಬಾಯಿ ತುಂಬ ಮಾತಾಡುವವಳು. ನನ್ನನ್ನು ಕಂಡರೆ, "ಟೀಚರ್, ನಮ್ಮಕ್ಕನ ಬಾಯಿಂದ ಆ ಸೂಜಿ ತೆಗ್ಸಿದವ್ರಿಗೆ ನಾನು ಒಂದು ಕೋಳಿ ಕೊಡ್ತೆ" ಎನ್ನುವಳು.

ಆ ತಂಗಿಯನ್ನೂ ಅವಳ ಗಂಡನನ್ನೂ ಅವರದೇ ಮನೆಯಲ್ಲಿ ಹಾಡಹಗಲು ಒಬ್ಬ ಕೊಂದ. ಕೊಂದವನು ಹಿಂದಿನ ತಿಂಗಳು ಅದೇ ಮನೆಗೆ ಬಣ್ಣ ಹೊಡೆದುಹೋಗಿದ್ದವನು. ಕುಮಟೆ ಕಡೆಯ ಹುಡುಗ. ಕೆಲಸ ನಡೆದಷ್ಟು ದಿನ ಮಧ್ಯಾಹ್ನದ ಊಟ ತಂಗಿಯ ಕೈಯದೇ. ಆಕೆಯ ಮೈಮೇಲಿನ ಚಿನ್ನಕ್ಕಾಗಿ ಮರಳಿ ಬಂದ. ಶನಿವಾರ ಹಾಸ್ಟೆಲಿನಿಂದ ಮನೆಗೆ ಬಂದ ಮಗಳೇ ಮೊದಲು ಬಾಗಿಲು ತೆರೆದವಳು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಹುಡುಗಿ ಬಾಯಮ್ಮನ ಮನೆಗೆ ಬಂದು ಉಳಿದಳು. ತಾಯಿಯ ತಂಗಿಗೆ, ಅಕ್ಕನಿಗೆ ಕೊಂಕಣಿಯಲ್ಲಿ ಮಾವ್ಶಿ ಎನ್ನುತ್ತಾರೆ. "ಮಾವ್ಶಿ, ಬಾಗಿಲು ಹಾಕಿದ್ಯಾ?" ಎಂದು ಅವಳು ದಿನಕ್ಕೆ ಹತ್ತು ಸಲ ಕೇಳುವಳು. ಬಾಯಮ್ಮ ಹತ್ತು ಸಲವೂ ಮಿಶನ್ ನಿಲ್ಲಿಸಿ, ಎದ್ದು ಹೋಗಿ, ಚಿಲಕ ಅಲ್ಲಾಡಿಸಿ, "ಹಾಕಿದ್ದೆ ಮಗಾ" ಎನ್ನುವರು. ಒಮ್ಮೆಯೂ ಕೂತಲ್ಲಿಂದಲೇ ಉತ್ತರ ಹೇಳಿದ್ದನ್ನು ನಾನು ಕಾಣೆ. ಹುಡುಗಿ ಓದು ಮುಗಿಸಿದಳು, ಹೊನ್ನಾವರದಲ್ಲೇ ಕೆಲಸ ಹಿಡಿದಳು. ಕೇಸು ನಡೆಯಿತು. ಅವಳು ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದಳು, ಒಂದು ಶಬ್ದವೂ ತಡವರಿಸಲಿಲ್ಲ. ಜಿಲ್ಲಾ ಕೋರ್ಟು ಅವನಿಗೆ ಗಲ್ಲು ವಿಧಿಸಿತು. ಹೈಕೋರ್ಟು ಒಪ್ಪಿದರೆ ಮಾತ್ರ ಅದು ಜಾರಿ ಎಂದು ವಕೀಲರು ಹೇಳಿದರು.

ಆ ಸುದ್ದಿ ಬಂದ ದಿನ ನಾನು ಕುಣಿಯುವುದೊಂದು ಬಾಕಿ. ಶಾಲೆಯ ಸ್ಟಾಫ್‌ರೂಮಿನಲ್ಲಿ ಜೋರಾಗಿಯೇ ಹೇಳಿದೆ, ಅಂಥವನನ್ನು ಅಂದೇ ನೇತುಹಾಕಬೇಕಿತ್ತು ಎಂದು. ಇದನ್ನು ತಪ್ಪೊಪ್ಪಿಗೆಯಾಗಿ ಬರೆಯುತ್ತಿಲ್ಲ. ಆ ಮನೆಯಲ್ಲಿ ಊಟ ಮಾಡಿದ್ದವಳು ನಾನು, ಆ ನಗು ಕೇಳಿದ್ದವಳು. ನನ್ನ ಸಿಟ್ಟಿಗೆ ಕಾರಣವಿತ್ತು. ಮನೆಗೆ ಬಂದರೆ ಹುಡುಗಿ ತಾಯಿ ತಂದೆಯ ಫೋಟೋ ಒರೆಸುತ್ತಿದ್ದಳು. ಬಾಯಮ್ಮ ಮಿಶನ್ನಿನ ಮುಂದೆ ಸುಮ್ಮನೆ ಕೂತಿದ್ದರು. "ಅಂತೂ ಆತು ಬಾಯಮ್ಮ" ಎಂದೆ. "ಎಂತ ಆತು?" ಎಂದು ಕೇಳಿದರು.

ತಂಗಿಯೂ ಅವಳ ಗಂಡನೂ ತೀರಿಕೊಂಡ ದಿನ ಆ ವರ್ಷವೂ ಬಂತು. ನಾನು ಇಗರ್ಜಿಗೆ ಹೋಗುವವಳಲ್ಲ, ಹುಡುಗಿಯ ಜೊತೆಗಿರೋಣವೆಂದು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪೂಜೆ ಶುರುವಾಗುವ ಮುನ್ನ, ಅಂದಿನ ಪ್ರಾರ್ಥನೆ ಯಾರ ಯಾರ ಹೆಸರಿಗೆ ಎಂಬುದನ್ನು ಪಾದ್ರಿಗಳು ಓದಿ ಹೇಳುವುದು ಅವರಲ್ಲಿ ರೂಢಿ. ಬದುಕಿದ್ದವರ ಕ್ಷೇಮಕ್ಕೆ ಬೇರೆ, ತೀರಿಹೋದವರ ಆತ್ಮಶಾಂತಿಗೆ ಬೇರೆ. ಹೆಸರು ಬರೆದುಕೊಳ್ಳುವವನು ಇಗರ್ಜಿಯ ಗಂಟೆ ಬಾರಿಸುವ ಮುದುಕ. ಬಾಯಮ್ಮ ಹಿಂದಿನ ದಿನ ಅವನಿಗೆ ಮೂರು ಹೆಸರು ಹೇಳಿ ಬಂದಿದ್ದರು. ವರ್ಷದ ಪೂಜೆ, ಹೇಳಿದವರು ಬಾಯಮ್ಮ. ಇನ್ನು ಕೇಳುವುದೇನಿದೆ ಎಂದು ಮುದುಕ ಮೂರನ್ನೂ ತೀರಿಹೋದವರ ಸಾಲಿಗೆ ಸೇರಿಸಿಬಿಟ್ಟಿದ್ದ. ಪಾದ್ರಿಗಳು ಊರಿಗೆ ಹೊಸಬರು. ತಂಗಿಯ ಹೆಸರು ಓದಿದರು, ಅವಳ ಗಂಡನ ಹೆಸರು ಓದಿದರು. ಆಮೇಲೆ ಅದೇ ದನಿಯಲ್ಲಿ ಒಂದು ಹಿಂದೂ ಹೆಸರನ್ನು ಓದಿ, ಈ ಮೂವರ ಆತ್ಮಕ್ಕೆ ನಿತ್ಯಶಾಂತಿ ದೊರಕಲಿ ಎಂದರು.

ಕೊಂದವನ ಆ ಹೆಸರು ಪೇಪರಿನಲ್ಲಿ ಓದಿ ಓದಿ ಊರಿಗೆಲ್ಲ ಬಾಯಿಪಾಠವಾಗಿತ್ತು. ಇಗರ್ಜಿಯಲ್ಲಿ ಕೆಮ್ಮು ಕೂಡ ನಿಂತುಹೋಯಿತು.

ಬಾಯಮ್ಮ ಎದ್ದು ನಿಂತರು. ಸಾವಿರ ಪೂಜೆಗೆ ಬಂದಿದ್ದರೂ ಪ್ರಾರ್ಥನೆಯ ಹೊರತು ಒಂದು ಮಾತು ಅಲ್ಲಿ ಆಡಿದವರಲ್ಲ. "ಪಾದ್ರಿಬಾ, ತೊ ಮೊರೊಂಕ್ ನಾ. ಜಿವೊ ಆಸಾ" ಎಂದರು. ಅವನು ಸತ್ತಿಲ್ಲ, ಬದುಕಿದ್ದಾನೆ ಎಂದು. ಪಾದ್ರಿಗಳು ಗಾಬರಿಯಾಗಿ ಕನ್ನಡಕ ಸರಿಮಾಡಿಕೊಂಡರು. ಬಾಯಮ್ಮ ಕೂರಲಿಲ್ಲ. "ಅವನದು ಬದುಕಿದ್ದವ್ರ ಜೊತೆ ಓದ್ಬೇಕು" ಎಂದು ಮತ್ತೊಮ್ಮೆ ಕೊಂಕಣಿಯಲ್ಲಿ ಹೇಳಿ, ಅವರು ಓದುವವರೆಗೂ ನಿಂತೇ ಇದ್ದರು. ಪಾದ್ರಿಗಳು ಓದಿದರು. ಅಷ್ಟರಲ್ಲಿ ಹುಡುಗಿ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿಯಾಗಿತ್ತು. ಮಾವ್ಶಿ ಯಾರಿಗಾಗಿ ಪ್ರಾರ್ಥಿಸುತ್ತಿದ್ದಾಳೆಂಬುದು ಅವಳಿಗೆ ತಿಳಿದದ್ದೂ ಆ ಕ್ಷಣದಲ್ಲೇ.

ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಬಂದವರಿಗೆ ಕಾಫಿ ಇತ್ತು. ಯಾರೂ ಲೋಟ ಮುಟ್ಟಲಿಲ್ಲ. ನಿವೃತ್ತ ಹೆಡ್‌ಮಾಸ್ತರರೊಬ್ಬರು, ಊರಿಗೆಲ್ಲ ಬೇಕಾದ ಹಿರಿಯರು, ನೇರ ಪಾದ್ರಿಗಳ ಮುಂದೆ ಬಂದು ನಿಂತರು.

"ಫಾದರ್, ಅರಸನ ಕೈಗೆ ಖಡ್ಗ ಕೊಟ್ಟವ ದೇವರೇ. ಕೆಟ್ಟದು ಮಾಡಿದವ ಅದಕ್ಕೆ ಹೆದರ್ಬೇಕು. ನಾವು ಸಣ್ಣೋರಿದ್ದಾಗ ಇದೇ ಅಂಗಳದಲ್ಲಿ ಕೂರ್ಸ್ಕಂಡು ಕಲ್ಸಿದ್ರು. ಹೌದೋ ಅಲ್ವೋ?"

"ಹೌದು ಮಾಸ್ತರೆ, ಹಾಗೇ ಕಲಿಸ್ತಿದ್ರು" ಎಂದರು ಪಾದ್ರಿಗಳು. "ಈಗ ರೋಮಿನಲ್ಲಿ ಪೋಪರೇ ಆ ಪಾಠ ತಿದ್ದಿದ್ದಾರೆ. ಎಷ್ಟು ದೊಡ್ಡ ಪಾಪ ಮಾಡಿದ್ರೂ ಮನುಷ್ಯನ ಬೆಲೆ ಹೋಗೂದಿಲ್ಲ, ಗಲ್ಲು ಸಲ್ಲದು ಅಂತ. ಅವನನ್ನು ಜೈಲಲ್ಲಿಟ್ಟು ಜನರನ್ನು ಕಾಯ್ಲಿಕ್ಕೆ ಆಗ್ತದಲ್ಲ ಈಗ."

"ರೋಮಿನವ್ರು ತಿದ್ತಾರೆ. ಸತ್ತವ್ರು ನಮ್ಮವ್ರು" ಎಂದರು ಮಾಸ್ತರರು. ಕೊಲೆಯಾದ ತಂಗಿ ಅವರ ಹಳೆಯ ವಿದ್ಯಾರ್ಥಿನಿ. ಪಾದ್ರಿಗಳು ಅವರ ಕೈ ಹಿಡಿದುಕೊಂಡರು. ನನಗೆ ಅಲ್ಲಿ ಎಲ್ಲರೂ ಸರಿಯೇ ಅನ್ನಿಸಿ, ಅದೇ ಕಾರಣಕ್ಕೆ ತಲೆಕೆಟ್ಟಿತು.

ಮನೆಗೆ ಬಂದರೆ ಹುಡುಗಿ ಜಗುಲಿಯ ಮೇಲೆ ಕಾಯುತ್ತಿದ್ದಳು. ಮಾವ್ಶಿ, ಹುಡುಗಿ ಇಬ್ಬರೂ ಕೊಂಕಣಿಯಲ್ಲೇ ಮಾತಾಡುವುದು. ನನಗೆ ಅರ್ಥವಾಗುತ್ತದೆ. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

"ನೀನು ಆ ಕೋಣೆ ನೋಡ್ಲಿಲ್ಲ ಮಾವ್ಶಿ" ಎಂದಳು ಹುಡುಗಿ.

"ಇಲ್ಲ. ನಾ ನೋಡ್ಲಿಲ್ಲ."

"ಮತ್ತೆ ಅಪ್ಪ ಅಮ್ಮನ ಹೆಸರಿನ ಜೊತೆ ಅವನ ಹೆಸರು ಎಂತಕ್ಕೆ ಕೊಟ್ಟೆ? ನೆಲದಿಂದ ರಕ್ತ ಕೂಗ್ತದೆ ಅಂತ ಬೈಬಲಲ್ಲಿ ದೇವರೇ ಹೇಳ್ಳಿಲ್ವಾ?"

"ಹೇಳಿದ್ದ. ಸ್ವಂತ ತಮ್ಮನನ್ನೇ ಕೊಂದ ಅಣ್ಣನ ಹತ್ರ ಹೇಳಿದ್ದ. ಆಮೇಲೆ ಅವನ್ನ ಯಾರೂ ಕೊಲ್ಲಬಾರ್ದು ಅಂತ ಗುರುತು ಹಾಕಿದವನೂ ದೇವರೇ. ಆ ಕಥೆ ನಿನಗೆ ಹೇಳಿಕೊಟ್ಟದ್ದು ನಾನೇ ಅಲ್ವಾ ಮಗಾ."

"ಶಿಲುಬೆ ಮೇಲೆ ಯೇಸುವಿನ ಪಕ್ಕ ಒಬ್ಬ ಕಳ್ಳ ಇದ್ದ. ನಮಗೆ ಆದ ಶಿಕ್ಷೆ ನ್ಯಾಯವೇ ಅಂತ ಆ ಕಳ್ಳನೇ ಒಪ್ಪಿದ. ಅದನ್ನೂ ನೀನೇ ಹೇಳಿಕೊಟ್ಟದ್ದು."

ಇದು ಬಾಯಮ್ಮನಿಗೆ ನಾಟಿತು. ತಲೆಯ ಮೇಲಿನ ಕಪ್ಪು ವೇಲನ್ನು ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡರು. ನಾನು ಹುಡುಗಿಯ ಪಕ್ಷ. ಗೆದ್ದಳು ಅಂದುಕೊಂಡೆ.

"ಹೌದು, ಆ ಕಳ್ಳ ಹಾಗೆ ಹೇಳ್ದ" ಎಂದರು ಬಾಯಮ್ಮ ಕೊನೆಗೆ. "ಯೇಸು ಹಾಗೆ ಹೇಳ್ಲಿಲ್ಲ."

ಹುಡುಗಿ ಅತ್ತಳು. ಬಾಯಮ್ಮನೂ ಅತ್ತರು. ಅಳು ಮುಗಿದ ಮೇಲೂ ಇಬ್ಬರ ಮಾತೂ ಇದ್ದಲ್ಲೇ ಇತ್ತು. ಕೊಂದವನ ವಕೀಲರು ಮೊದಲೇ ಬಂದು ಕೇಳಿಹೋಗಿದ್ದರು, ಸತ್ತವರ ಕಡೆಯವರೇ ಗಲ್ಲು ಬೇಡವೆಂದು ಬರೆದುಕೊಟ್ಟರೆ ಹೈಕೋರ್ಟು ಅದನ್ನು ನೋಡಬಹುದು, ನೋಡದೆಯೂ ಇರಬಹುದು ಎಂದು. ಬಾಯಮ್ಮ ಬರೆದುಕೊಡುವ ಮನಸ್ಸು ಮಾಡಿದ್ದರು. "ನೀನು ಅದಕ್ಕೆ ಸಹಿ ಹಾಕಿದ್ರೆ ನಾನು ಈ ಮನೆಯಲ್ಲಿ ಇರೂದಿಲ್ಲ" ಎಂದಳು ಹುಡುಗಿ. ಅವಳು ಬೆದರಿಸುತ್ತಿರಲಿಲ್ಲ. ಅವಳಿಗೆ ಅದು ನಿಜವಾಗಿಯೂ ಆಗದ ಕೆಲಸವಾಗಿತ್ತು. ಬಾಯಮ್ಮನಿಗೂ ಗೊತ್ತಿತ್ತು.

ಗೆರೆ ಎಳೆದು ಬಟ್ಟೆ ಹಾಸಿಡುವ ಆ ಹೆಂಗಸು ವಾರಗಟ್ಟಲೆ ಸಹಿ ಹಾಕಲಿಲ್ಲ. ಊಟ ಕಡಿಮೆಯಾಯಿತು. ಒಂದು ಭಾನುವಾರ ನನ್ನ ಬಾಗಿಲಿಗೆ ಬಂದು, "ಅಕ್ಕೋರೆ, ನಿಮ್ಮ ಕಡೆಯವಳೇ ಅಲ್ವಾ ಅವನ ತಾಯಿ? ಧಾರೇಶ್ವರದ ಹತ್ರ ಅಂತೆ. ನನ್ನ ಕರ್ಕಂಡು ಹೋಗ್ತ್ರಾ?" ಎಂದು ಕೇಳಿದರು.

"ಹೋಗಿ ಎಂತ ಹೇಳ್ತ್ರಿ?"

"ಹೇಳೂಕೆ ಎಂತದೂ ಇಲ್ಲ. ಒಮ್ಮೆ ಕಾಣ್ಬೇಕು. ಅವಳೊಬ್ಬಳು ತಾಯಿ ಇದ್ದಾಳೆ ಅಂತ ಗೊತ್ತಿದ್ದೂ ಕಾಣದೆ ಸಹಿ ಹಾಕೂದೂ ಸರಿಯಲ್ಲ, ಹಾಕದೆ ಇರೂದೂ ಸರಿಯಲ್ಲ."

ನನಗೆ ಹೋಗಲು ಸ್ವಲ್ಪವೂ ಇಷ್ಟವಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಕೂತಿದ್ದೆ. ಗದ್ದೆಯಂಚಿನಲ್ಲಿ ಒಂದು ಸಣ್ಣ ಹಂಚಿನ ಮನೆ. ಅವನ ತಾಯಿ ಭತ್ತದ ಸಸಿ ನೆಡುವ ನೆಟ್ಟಿ ಕೆಲಸಕ್ಕೆ ಹೋಗುವ ಹೆಂಗಸು, ವಯಸ್ಸಿನಲ್ಲಿ ಬಾಯಮ್ಮನಿಗಿಂತ ಸಣ್ಣವಳು, ನೋಡಲು ದೊಡ್ಡವಳು. ನಾವು ಯಾರೆಂದು ಹೇಳಿದ ಕೂಡಲೇ ಬಾಗಿಲು ಹಾಕಿಕೊಂಡಳು. ಬೈಯಲು ಬಂದವರೆಂದು ತಿಳಿದಿರಬೇಕು, ಆವರೆಗೆ ಬಂದವರೆಲ್ಲ ಬೈದೇ ಹೋಗಿದ್ದರಂತೆ. ಬಾಯಮ್ಮ ಅಂಗಳದಲ್ಲೇ ಕೂತರು. ನಾನು ಹೊರಡೋಣ ಎಂದರೆ, "ಬಸ್ಸಿಗೆ ಹೊತ್ತು ಉಂಟಲ್ಲ" ಎಂದರು. ಸುಮಾರು ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಆಕೆ ಎರಡು ಲೋಟ ನೀರು, ಒಂದು ತುಂಡು ಬೆಲ್ಲ ತಂದು ಮೆಟ್ಟಿಲ ಮೇಲಿಟ್ಟಳು.

"ಎಂತ ಹೇಳೂದ್ರಾ ಅಮ್ಮ, ನಂಗೆ ಬಾಯಿಲ್ಲ" ಎಂದಳು. "ಅವ್ನ ಬಿಡಿ ಅಂತ ನಾ ಕೇಳೂದಿಲ್ಲ. ಕೇಳೂಕೆ ನಂಗೆ ಮುಖ ಇಲ್ಲ."

ಬಾಯಮ್ಮ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಬ್ಲೌಸಿನ ಭುಜ ನೋಡುತ್ತಿದ್ದರು. ಹೊಲಿಗೆ ಬಿಟ್ಟು ತೋಳು ಜೋತುಬಿದ್ದಿತ್ತು. "ಹತ್ರ ಬಾ" ಎಂದು ಚೀಲದಿಂದ ಸೂಜಿ ನೂಲು ತೆಗೆದರು. ಆಕೆ ಹಿಂದೆ ಸರಿದಳು. "ಮೈಮೇಲಿದ್ದ ಬಟ್ಟೆ ಹೊಲೂಕಾಗ ಅಂಬ್ರಲ್ರಾ" ಎಂದಳು. ಹಾಗೆ ಹೊಲಿಯುವುದು ಅಪಶಕುನವೆಂದು ನಮ್ಮ ಕಡೆಯ ನಂಬಿಕೆ.

"ಹಂಗಾರೆ ಒಂದು ಎಳೆ ನೂಲು ಬಾಯಲ್ಲಿ ಕಚ್ಕ. ಎಂತದೂ ಆಗೂದಿಲ್ಲ."

ಆಕೆ ನೂಲು ಕಚ್ಚಿಕೊಂಡು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಳು. ಬಾಯಮ್ಮ ಹೊಲಿದರು. ನೂಲು ಬಾಯಲ್ಲಿದ್ದುದರಿಂದ ಆಕೆಗೆ ಜೋರಾಗಿ ಅಳಲೂ ಆಗುತ್ತಿರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಅದು ಅಲುಗಿದಾಗಲೆಲ್ಲ ಬಾಯಮ್ಮ ಸೂಜಿ ನಿಲ್ಲಿಸಿ ಕಾಯುವರು, ನಿಂತಮೇಲೆ ಮತ್ತೆ ಚುಚ್ಚುವರು. ಒಂದು ಭುಜ ಹೊಲಿಯಲು ಅಷ್ಟು ಹೊತ್ತು ಹಿಡಿದದ್ದನ್ನು ನಾನು ಎಂದೂ ಕಂಡಿಲ್ಲ. ಬಸ್ಸಿನಲ್ಲಿ ಹೊತ್ತು ಬಂದಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವನ ಮೇಲಿನದು ಇತ್ತು, ಈಗಲೂ ಇದೆ. ಆದರೆ ಅವನನ್ನು ನೇತುಹಾಕಿದರೆ ಹಗ್ಗ ಯಾರು ಯಾರ ಕೊರಳಿಗೆ ಬೀಳುತ್ತದೆ ಎಂದು ನಾನು ಮೊದಲ ಸಲ ಯೋಚಿಸಿದ್ದು ಆ ಅಂಗಳದಲ್ಲಿ.

ಬಾಯಮ್ಮ ಮರುದಿನ ಸಹಿ ಹಾಕಿದರು. ಹುಡುಗಿ ಬಟ್ಟೆಬರೆ ಕಟ್ಟಿಕೊಂಡು ಭಟ್ಕಳದ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಹತ್ತಿರದ ಹೆಬಳೆಯಲ್ಲಿ ಒಂದು ಕೋಣೆ ಮಾಡಿದಳು. ಹೋಗುವಾಗ ಬಾಯಮ್ಮ ಅವಳ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಹೋದರು. ಹುಡುಗಿ ಬೇಡ ಎನ್ನಲಿಲ್ಲ. ವಾಪಸು ಬಂದ ಬಾಯಮ್ಮ ಅಭ್ಯಾಸದಂತೆ ಬಾಗಿಲ ಚಿಲಕ ಅಲ್ಲಾಡಿಸಿ ನೋಡಿ, ಕೇಳುವವರಿಲ್ಲದ ಮನೆಯ ನಡುವೆ ನಿಂತುಬಿಟ್ಟರು. ಅವರನ್ನು ಕೂರಿಸಿ ನಾನೇ ಚಹಾ ಮಾಡಿಕೊಟ್ಟೆ.

ಪೇಟೆಯಲ್ಲಿ ಮಾತು ಬಂತು. ಕೆಲವರು ಬಟ್ಟೆ ಕೊಡುವುದನ್ನು ಬಿಟ್ಟರು. ಹೆಡ್‌ಮಾಸ್ತರರು ದಾರಿಯಲ್ಲಿ ಕಂಡರೂ ಮಾತಾಡಲಿಲ್ಲ. ಬಾಯಮ್ಮನಿಗೆ ಇದೆಲ್ಲ ಅಷ್ಟಾಗಿ ತಟ್ಟಲಿಲ್ಲ, ತಟ್ಟಿದ್ದು ಹುಡುಗಿಯ ಮೌನ. ಹದಿನೈದು ದಿನಕ್ಕೊಮ್ಮೆ ಸಿಗಡಿ ಉಪ್ಪಿನಕಾಯಿಯ ಬಾಟಲಿಯೊಂದನ್ನು ಭಟ್ಕಳ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವರು. ಬಾಟಲಿ ಖಾಲಿಯಾಗಿ ಅದೇ ಬಸ್ಸಿನಲ್ಲಿ ಮರಳುವುದು. ಜೊತೆಗೆ ಒಂದು ಮಾತಿಲ್ಲ, ಫೋನಿಲ್ಲ. ನಾನು ಒಮ್ಮೆ ತಡೆಯಲಾರದೆ, "ಎಂತ ಹುಡುಗಿ ಇದು, ಒಂದು ಫೋನ್ ಮಾಡ್ಬಾರ್ದಾ?" ಎಂದು ರೇಗಿದೆ. ಬಾಯಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು. "ಸಾಬೂನು ಹಾಕಿ ತೊಳ್ದು ಕಳ್ಸಿದ್ದಾಳೆ. ತಿಂದಿದ್ದಾಳೆ ಅಂತಾತಲ್ಲ ಅಕ್ಕೋರೆ. ಸಾಕು" ಎಂದರು.

ಹೈಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ಬಾಯಮ್ಮನ ಸಹಿಯಿಂದಲೋ, ಅವನ ವಯಸ್ಸಿನಿಂದಲೋ, ನನಗೆ ತಿಳಿಯದು. ಸುದ್ದಿಯನ್ನು ನಾನೇ ಶಾಲೆಯಿಂದ ಓಡಿಬಂದು ಹೇಳಿದೆ. ಅವರು ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ, ದೇವರಿಗೆ ಮೇಣದ ಬತ್ತಿ ಹಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಮಿಶನ್ನಿನ ಮೇಲೆ ತಲೆಯಿಟ್ಟು, ತಂಗಿಯ ಹೆಸರು ಹಿಡಿದು ಕೂಗಿ ಕೂಗಿ ಅತ್ತರು. ಆ ಬಗೆಯ ಅಳುವನ್ನು ಹೆಣ ಎತ್ತಿದ ದಿನವೂ ನಾನು ಕೇಳಿರಲಿಲ್ಲ. ಬೆನ್ನು ಸವರುತ್ತ ಪಕ್ಕದಲ್ಲಿ ಕೂತೆ.

"ಇಷ್ಟು ದಿನ ಅವನ ಚಿಂತೆಯೇ ಆತು" ಎಂದರು ಕಡೆಗೆ, ಸೆರಗಿನಲ್ಲಿ ಮೂಗು ಒರೆಸಿಕೊಂಡು. "ಅವಳಿಗೆ ಅಳೂಕೆ ನನಗೆ ಪುರುಸೊತ್ತೇ ಸಿಗ್ಲಿಲ್ಲ."

ಕ್ಷಮೆ ಎಂದರೆ ತಣ್ಣಗಿನ ದೊಡ್ಡ ಮನಸ್ಸು ಎಂದು ನಾನು ತಿಳಿದಿದ್ದೆ. ಬಾಯಮ್ಮನ ಮನೆಯಲ್ಲಿ ಹಾಗಿರಲಿಲ್ಲ. ಅದು ದಿನಾ ಬೆಳಗಾದರೆ ಎದ್ದು ಮಾಡಬೇಕಾದ ಕೆಲಸ. ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಆಗುತ್ತಿರಲಿಲ್ಲ. ಆಗದ ದಿನ ಅವರು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು, ಅನ್ನ ಹಾಕಿದ ಕೈಯನ್ನು ಕಡಿದವನು ಎಂದು. ಬೈದಾದ ಮೇಲೆ ಸಂಜೆ ಜಪಮಾಲೆ ಹಿಡಿದು ಅವನ ಹೆಸರನ್ನೂ ಸೇರಿಸುವರು. "ಬೆಳಿಗ್ಗೆ ಬೈದ್ರಲ್ಲ?" ಎಂದರೆ, "ಬದುಕಿದ್ದವನಿಗೆ ಎರಡೂ ಬೇಕಾಗ್ತದೆ" ಎನ್ನುವರು.

ಅವರಿಗೆ ಹೊಟ್ಟೆಯ ಕಾಯಿಲೆ ಕಾಣಿಸಿಕೊಂಡಿತು. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ನಾನು ಹುಡುಗಿಗೆ ಫೋನ್ ಮಾಡಿದೆ. ಅವಳು ಮರುದಿನ ಬೆಳಗಿನ ಬಸ್ಸಿಗೆ ಬಂದಳು. ಬಂದವಳೇ ಸೆರಗು ಸಿಕ್ಕಿಸಿ ಕೋಣೆ ಗುಡಿಸಿ, ಹಾಸಿಗೆ ಬದಲಿಸಿ, ಮಾತ್ರೆಗಳನ್ನೆಲ್ಲ ಹರಡಿಕೊಂಡು ನನ್ನನ್ನು ವಿಚಾರಿಸಿದಳು, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು. ಬಾಯಮ್ಮ ಮಲಗಿದಲ್ಲಿಂದಲೇ ಅವಳು ಹೋದಲ್ಲೆಲ್ಲ ಕಣ್ಣು ಆಡಿಸುತ್ತಿದ್ದರು. ಎಲ್ಲ ಕೆಲಸ ಮುಗಿದ ಮೇಲೆ ಹುಡುಗಿ ಮಂಚದ ಪಕ್ಕ ನಿಂತು, "ಮಾವ್ಶಿ, ನಾ ಅವನನ್ನ ಕ್ಷಮಿಸ್ಲಿಲ್ಲ. ನನ್ನ ಹತ್ರ ಆಗೂದೂ ಇಲ್ಲ" ಎಂದಳು.

"ನಿನ್ನ ಹತ್ರ ಯಾರು ಕೇಳಿದ್ರು?" ಎಂದರು ಬಾಯಮ್ಮ. ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. "ಅದು ನನ್ನ ಕೆಲ್ಸ, ನಾ ಮಾಡಿದೆ. ನಿನ್ನ ಕೈಯಲ್ಲಿ ಮಾಡ್ಸೂಕೆ ನಾ ಯಾರು? ಬಸ್ಸಿಗೆ ಬರೂ ಗಡಿಬಿಡೀಲಿ ತಿಂಡಿ ತಿಂದ್ಯಾ ಇಲ್ವಾ, ಅದು ಹೇಳು."

ಹುಡುಗಿ ತಿಂದಿರಲಿಲ್ಲ. ನಾನು ದೋಸೆ ಎರೆದೆ. ಬಾಯಮ್ಮ ಮಲಗಿಕೊಂಡೇ ಒಂದೊಂದು ತುತ್ತು ಮುರಿದು ಅವಳಿಗೆ ಕೊಟ್ಟರು, ದೊಡ್ಡ ಹುಡುಗಿ ನಾಚಿಕೆಯಿಲ್ಲದೆ ಬಾಯಿ ತೆರೆದಳು. ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಮತ್ತೆ ನಗು ಕೇಳಿಸಿತು. ಆ ವಿಷಯ ಒಮ್ಮೆಯೂ ಬರಲಿಲ್ಲ. ಮಳೆಗಾಲ ಕಳೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಹುಡುಗಿ ಅವರ ತಲೆ ಬಾಚುತ್ತಿದ್ದಾಗ ಬಾಯಮ್ಮ ತೀರಿಕೊಂಡರು.

ಮಣ್ಣಿಗೆ ಇಡೀ ಪೇಟೆ ಬಂದಿತ್ತು. ಬಟ್ಟೆ ಕೊಡುವುದನ್ನು ಬಿಟ್ಟವರೂ ಬಂದಿದ್ದರು. ಹೆಡ್‌ಮಾಸ್ತರರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಪೆಟ್ಟಿಗೆ ಇಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ಅವರ ಪದ್ಧತಿ. ಜಾತಿ ಮತ ಕೇಳುವುದಿಲ್ಲ, ಕೈಯಿದ್ದವರೆಲ್ಲ ಹಾಕಬಹುದು. ನಾನೂ ಹಾಕಿ ಈಚೆ ಬಂದು ತಿರುಗಿದರೆ, ಸಿಮೆಟ್ರಿಯ ಗೇಟಿನ ಹೊರಗೆ ಕೊಂದವನ ತಾಯಿ ನಿಂತಿದ್ದಳು. ಯಾರು ಹೇಳಿದರೋ, ಯಾವ ಬಸ್ಸು ಹಿಡಿದು ಬಂದಳೋ. ಒಳಗೆ ಬರುವ ಧೈರ್ಯವಿಲ್ಲದೆ ಗೇಟಿನ ಸರಳು ಹಿಡಿದುಕೊಂಡಿದ್ದಳು. ಹುಡುಗಿಯ ಕಣ್ಣಿಗೆ ಬೀಳುವ ಮೊದಲೇ ಅವಳನ್ನು ಕಳಿಸಿಬಿಡಬೇಕೆಂದು ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಹುಡುಗಿ ನನ್ನನ್ನು ದಾಟಿ ಮುಂದೆ ಹೋಗಿದ್ದಳು. ಕೋರ್ಟಿನಲ್ಲಿ ಎಷ್ಟೋ ಸಲ ಕಂಡ ಮುಖ, ಅವಳಿಗೆ ಗುರುತು ಹತ್ತದೆ ಇರುತ್ತದೆಯೇ?

"ಮಣ್ಣು ಹಾಕೂಕೆ ಬಂದದ್ದಾ?" ಎಂದು ಕೇಳಿದಳು.

ಆಕೆ ಹೌದೆಂದು ತಲೆ ಅಲ್ಲಾಡಿಸಿದಳು. "ನಾ ಹಾಕ್ಲಕ್ಕಾ ಮಗಾ?" ಎಂದಳು.

ಹುಡುಗಿ ಗೇಟಿನ ಚಿಲಕಕ್ಕೆ ಕೈ ಹಾಕಿದಳು. "ನನ್ನ ಮುಖ ನೋಡ್ಬೇಡಿ. ಮಾವ್ಶಿಗೆ ಹಾಕಿ, ಬನ್ನಿ" ಎಂದು ಗೇಟು ತೆಗೆದು ಮುಂದೆ ನಡೆದಳು. ಆಕೆ ಹಿಂದೆ ನಡೆದಳು. ಜನ ದಾರಿ ಬಿಟ್ಟರು. ಹೊಂಡದ ಅಂಚು ಆಗಷ್ಟೇ ಅಗೆದದ್ದು, ಸಡಿಲವಿತ್ತು. ಹಿಡಿ ಮಣ್ಣು ತೆಗೆಯಲು ಆಕೆ ಬಗ್ಗಿದಾಗ ಕಾಲಡಿಯ ನೆಲ ಜರಿಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಬೇರೆ ಕಡೆ ಮುಖ ಮಾಡಿಕೊಂಡೇ ಆಕೆಯ ರಟ್ಟೆ ಹಿಡಿದುಕೊಂಡಳು. ಆಕೆ ಮಣ್ಣು ಹಾಕಿ, ಕೈ ಮುಗಿದು, ನೆಟ್ಟಗೆ ನಿಲ್ಲುವವರೆಗೂ ಬಿಡಲಿಲ್ಲ.